ತೊಂಬತ್ತೆಂಟನ್ನು ಬಿಡದ ವಿಶಾಲಾಕ್ಷಮ್ಮ

ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದರೂ ವಿಶಾಲಾಕ್ಷಮ್ಮನವರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡುತ್ತಿದ್ದರು. "ಕೂಡಿಬರತ್ತೆ ಅನ್ಸತ್ತೆ" ಎಂದು ತಲೆಯಾಡಿಸಿದ ಮೇಲೆಯೇ ಗ್ಯಾಸ್ಕೆಟ್ಟಿಗೆ ಗೃಹಪ್ರವೇಶ. ಸೀರೆಗೆ ರವಿಕೆ, ಮಹಡಿಗೆ ಬಾಡಿಗೆದಾರರು, ಹುಳಿಗೆ ತರಕಾರಿ, ಎಲ್ಲಕ್ಕೂ ಇದೇ ಶಾಸ್ತ್ರ. ನಮ್ಮಮ್ಮ ಒಮ್ಮೆ ಬದನೆಕಾಯಿ, ನುಗ್ಗೆಕಾಯಿ ಎರಡನ್ನೂ ಹಾಕಿ ಹುಳಿ ಮಾಡಿ ಕಳಿಸಿದಾಗ, "ಇಬ್ಬರೂ ಒಳ್ಳೆಯವರೇ ಕಣೆ. ಆದ್ರೆ ಒಂದೇ ಪಾತ್ರೇಲಿ ಇಬ್ಬರು ಯಜಮಾನರಾದ್ರೆ ಹೇಗೆ?" ಎಂದಿದ್ದರು.

ಅವರ ಕೆಲಸವೇ ಅಂಥದ್ದು. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಎದುರುಮನೆ ಅವರದು. ಗಂಡು ಹೆಣ್ಣು ಹುಡುಕುವವರು ಅವರ ವರಾಂಡಕ್ಕೆ ಬರುತ್ತಿದ್ದರು. ಇವರು ಜಾತಕ ಕೂಡಿಸಿ ನೋಡಿ, ಎರಡು ಮನೆಯವರ ಭೇಟಿ ಮಾಡಿಸುತ್ತಿದ್ದರು. ನೆಂಟಸ್ತಿಕೆಗಳೆಲ್ಲ ಚೆನ್ನಾಗಿಯೇ ಕುದುರಿದ್ದವು. ಒಂದೇ ಒಂದು ಜೋಡಿ ಮಾತ್ರ ವರ್ಷ ತುಂಬುವುದರೊಳಗೆ ಬೇರೆಯಾಗಿತ್ತು. ಆ ಹುಡುಗಿಯ ತಾಯಿ ದೇವಸ್ಥಾನದಲ್ಲಿ ಇವರನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದರು. "ಜಾತಕದಲ್ಲಿ ಗುಣಗಳೆಲ್ಲ ಕೂಡಿದ್ವು. ಹುಡುಗನಿಗೆ ಗುಣ ಇದೆಯಾ ಅಂತ ನಾನು ನೋಡ್ಲಿಲ್ಲ. ಇನ್ನೊಬ್ಬ ತಾಯಿ ನನ್ನ ಕಂಡು ಕಂಬ ಹುಡುಕಬಾರದು ನೋಡು" ಎನ್ನುವಾಗ ಮಾತ್ರ ಆ ನಗುಮುಖ ಸ್ವಲ್ಪ ಚಿಕ್ಕದಾಗುತ್ತಿತ್ತು.

ವರಾಂಡದಲ್ಲಿ ಅಳಿಯ ಕೊಡಿಸಿದ ಕಂಪ್ಯೂಟರ್ ಇತ್ತು. ಅದರಲ್ಲಿ ವಿಂಡೋಸ್ ತೊಂಬತ್ತೆಂಟು, ಜಾತಕ ಹಾಕುವ ಒಂದು ಸಾಫ್ಟ್‌ವೇರ್. ಪಕ್ಕದಲ್ಲಿ ಕರಕರ ಹಲ್ಲು ಕಡಿಯುವ ಪ್ರಿಂಟರ್. ಮಾನಿಟರಿನ ಮುಖ ಇವರ ಕಡೆ, ಬೆನ್ನು ಬಂದವರ ಕಡೆ. ಹಳೇ ಧರ್ಮಾವರಂ ಸೀರೆಯ ಜರಿಯಂಚು ಕತ್ತರಿಸಿ ಹೊಲಿದ ಹೊದಿಕೆ ಅದಕ್ಕೆ. ನಾನು ಆಗ ಜಯನಗರದ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಹಾಗಾಗಿ ಅದರ ನೆಗಡಿ ಕೆಮ್ಮಿಗೆಲ್ಲ ನಾನೇ ವೈದ್ಯೆ. ಗುಂಡಿ ಒತ್ತಿದರೆ ಅದು ಆಕಳಿಸಿ, ಮೈಮುರಿದು, ಕಾಯಿರಿ ಎಂದು ಪರದೆಯಲ್ಲಿ ಮರಳುಗಡಿಯಾರ ತಿರುಗಿಸಿ, ಜಾತಕದ ಪುಟ ತೋರಿಸುವ ಹೊತ್ತಿಗೆ ಬಂದವರದು ಕಾಫಿ ಮುಗಿದು, ಎರಡನೇ ಸುತ್ತಿನ ಚಕ್ಕುಲಿ ನಡೆಯುತ್ತಿತ್ತು.

ಅಷ್ಟರಲ್ಲಿ ವಿಂಡೋಸಿನ ಹೊಸ ಅವತಾರ ಎಕ್ಸ್‌ಪಿ ಬಂತು. ಬೀದಿಯಲ್ಲಿ ಒಬ್ಬೊಬ್ಬರೇ ಅದನ್ನು ಹಾಕಿಸಿಕೊಂಡರು. ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ತರುವವರೂ ಶುರುವಾದರು. ನಮ್ಮ ತೊಂಬತ್ತೆಂಟು ಅದರ ಮುಖ ನೋಡಿ ಇವರು ಯಾರೋ ಎಂಬಂತೆ ಸುಮ್ಮನಿರುತ್ತಿತ್ತು. "ಯಾವ ಕಾಲದ್ದು ಆಂಟಿ ಇದು, ಮ್ಯೂಸಿಯಂಗೆ ಕೊಟ್ಬಿಡಿ" ಎಂದು ಒಬ್ಬ ವರಮಹಾಶಯ ನಕ್ಕೂ ಹೋದ. ಅಳಿಯ ಎಕ್ಸ್‌ಪಿಯ ಸಿ.ಡಿ. ಕಳಿಸಿದ ದಿನ ನನಗೆ ಕರೆ ಬಂತು.

"ಹೆಣ್ಣಿನ ಕಡೆಯೋರು ಏನೇನು ಕೇಳ್ತಾರೆ?" ಎಂದರು ಸಿ.ಡಿ. ಡಬ್ಬಿ ತೋರಿಸಿ.

"ಕನಿಷ್ಠ ಇಷ್ಟು ಮೆಮೊರಿ ಬೇಕು ಅಂತ ಬರೆದಿದಾರೆ ಆಂಟಿ. ನಮ್ಮದರಲ್ಲಿ ಅದರ ಅರ್ಧ ಇದೆ."

"ಕನಿಷ್ಠ ಅನ್ನೋರೆಲ್ಲ ಮದುವೆ ಆದ್ಮೇಲೆ ಜಾಸ್ತಿನೇ ಕೇಳೋದು. ಒಂದ್ಸಲ ಕಣ್ಣಲ್ಲಿ ನೋಡ್ಕೊಂಡು ಬರೋಣ ನಡಿ."

ಇದೇ ವಯಸ್ಸಿನ ಯಂತ್ರಕ್ಕೆ ಎಕ್ಸ್‌ಪಿ ಹಾಕಿಸಿದ್ದ ಪರಿಚಯದವರೊಬ್ಬರು ಜಯನಗರದಲ್ಲಿದ್ದರು. ರಾಹುಕಾಲ ಕಳೆದ ಮೇಲೆ, ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ಹೊರಟರು. ನಾನು ಗಂಡಿನ ಕಡೆಯ ಸೋದರತ್ತೆಯ ಹಾಗೆ ಹಿಂದೆ. ಆ ಮನೆಯವರೂ ಕಡಿಮೆಯಿಲ್ಲ, ಕೇಸರಿಬಾತು, ಬಾಳೆಕಾಯಿ ಬಜ್ಜಿ ಮಾಡಿಟ್ಟಿದ್ದರು. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ ಮೂಡಿತು. ಇವರು ಕನ್ನಡಕ ಸರಿಮಾಡಿಕೊಂಡು, "ಲಕ್ಷಣವಾಗಿದೆ" ಎಂದರು. ಆಮೇಲೆ ಹೆಣ್ಣು ನೋಡಲು ಹೋದಾಗ ಮಾಡುವಂತೆಯೇ ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಮನೆಯಾಕೆಯ ಮೊಣಕೈ ಹಿಡಿದು ಮೆಲ್ಲಗೆ ಕೇಳಿದರು.

"ನಿಜ ಹೇಳಿ. ಹೊಂದ್ಕೊಂಡು ಹೋಗ್ತಿದೆಯಾ?"

ಆಕೆ ಗಂಡ ಕೂತಿದ್ದ ಹಜಾರದ ಕಡೆ ಒಮ್ಮೆ ನೋಡಿದರು. "ಇವರಿಗೆ ಹೇಳ್ಬೇಡಿ. ರೂಪಕ್ಕೇನೂ ಕಡಿಮೆ ಇಲ್ಲ. ಆದ್ರೆ ನಮ್ಮ ಯಂತ್ರಕ್ಕೆ ವಯಸ್ಸಾಯ್ತು ನೋಡಿ, ಅವಳ ವೇಗಕ್ಕೆ ಏದುಸಿರು ಬಿಡತ್ತೆ. ಹಳೇ ಪ್ರಿಂಟರ್ ಜೊತೆ ಅವಳು ಬಂದಾಗಿಂದ ಮಾತೇ ಇಲ್ಲ."

ವಾಪಸು ಬರುವಾಗ ತೀರ್ಪು ಹೊರಬಿತ್ತು. "ಇಬ್ಬರೂ ಒಳ್ಳೆಯವರೇ. ಈ ಸಂಬಂಧ ಮಾತ್ರ ಬೇಡ. ಅಳಿಯಂಗೆ ಜಾತಕ ಕೂಡ್ಲಿಲ್ಲ ಅಂತ ಹೇಳ್ಬಿಡ್ತೀನಿ."

ನನಗೂ ಅದು ಸರಿ ಎನ್ನಿಸಿತು. ಆದರೆ ಕೈ ಸುಮ್ಮನಿರಬೇಕಲ್ಲ. ಹೊಸತು ಬೇಡದಿದ್ದರೆ ಇರುವುದನ್ನೇ ಚುರುಕು ಮಾಡೋಣ ಎಂದು ಒಂದು ಮೆಮೊರಿ ಪಟ್ಟಿ ತಂದು ಒಳಗೆ ಸಿಕ್ಕಿಸಿದೆ. ಮುದುಕನಿಗೆ ಪ್ರಾಯ ಬಂದಂತಾಯಿತು. ಗುಂಡಿ ಒತ್ತಿದರೆ ಚಿಮ್ಮಿ ಏಳುತ್ತಿತ್ತು. "ಭೇಷ್" ಎಂದು ಬೆನ್ನು ತಟ್ಟಿ ಕಳಿಸಿದರು. ವಾರ ಕಳೆಯುವುದರೊಳಗೆ ಗೇಟಿನ ಹತ್ತಿರ ನಿಂತು ಕೂಗಿದರು.

"ಏನೇ, ನೀನು ಒಳಗೆ ಸಿಕ್ಕಿಸಿದ ಆ ಕಡ್ಡಿ ತೆಗೆದ್ಬಿಡೇ."

"ಯಾಕೆ ಆಂಟಿ, ಹ್ಯಾಂಗ್ ಆಗ್ತಿದೆಯಾ?"

"ಆಗ್ತಿಲ್ಲ. ಅದೇ ತೊಂದರೆ."

ಕೂರಿಸಿಕೊಂಡು ಹೇಳಿದರು. ಹಿಂದಿನ ದಿನ ಒಬ್ಬ ಹುಡುಗ ತಾಯಿಯೊಂದಿಗೆ ಬಂದಿದ್ದ. ಕಾಫಿಗೆ ನೀರು ಕುದಿಯುವ ಮೊದಲೇ ಜಾತಕ ಬಂತು, ಭರ್ಜರಿಯಾಗಿ ಕೂಡಿತು, ಅವರು ಎದ್ದೂ ಹೊರಟರು. ಇವರು ಹೆಣ್ಣಿನವರಿಗೆ ಫೋನ್ ಮಾಡಲು ರಿಸೀವರ್ ಎತ್ತಿದ್ದರು. ಅಷ್ಟರಲ್ಲಿ ಕಿಟಕಿಯಾಚೆ, ತಾಯಿ ಚಪ್ಪಲಿ ಮೆಟ್ಟುವುದು ತಡವಾಯಿತೆಂದು ಹುಡುಗ ಗೇಟಿನಲ್ಲೇ ರೇಗಿದ್ದು ಕೇಳಿಸಿತು. ರಿಸೀವರ್ ಕೆಳಗಿಟ್ಟರು.

"ಇಷ್ಟು ವರ್ಷ ಆ ಗಡಿಯಾರ ತಿರುಗ್ತಾ ಇರೋವಾಗ ನಾನು ಪರದೆ ನೋಡ್ತಿದ್ದೆ ಅಂದ್ಕೊಂಡ್ಯಾ? ಬಂದೋರನ್ನ ನೋಡ್ತಿದ್ದೆ. ಕಾಯೋವಾಗ ಮನುಷ್ಯ ಹೇಗಿರ್ತಾನೋ, ಸಂಸಾರದಲ್ಲೂ ಹಾಗೇ ಇರ್ತಾನೆ. ಕಾಲು ಕುಣಿಸೋನು ಯಾರು, ಅಪ್ಪನ ಮಾತು ಕತ್ತರಿಸೋನು ಯಾರು, ಎಲ್ಲ ತಾನಾಗೇ ಬರತ್ತೆ. ನಿನ್ನ ಕಡ್ಡಿ ಇದ್ರೆ ನಂಗೆ ಬರೀ ಜಾತಕ ಬರತ್ತೆ."

ಪಟ್ಟಿ ತೆಗೆದೆ. ಯಂತ್ರ ಮತ್ತೆ ಆಕಳಿಸತೊಡಗಿತು, ಆಂಟಿಯ ಮುಖ ಅರಳಿತು. ಫೋಟೊ ಪೆನ್‌ಡ್ರೈವಿನಲ್ಲಿ ತಂದವರಿಗೆ, "ಸ್ಟುಡಿಯೋದಲ್ಲಿ ತೊಳೆಸ್ಕೊಂಡು ಬನ್ನಿ. ಹಾಗೇ ಇನ್ನೊಂದ್ಸಲ ಕೂತು ಮಾತಾಡಿದ ಹಾಗಾಯ್ತು" ಎನ್ನತೊಡಗಿದರು. ಮರುವರ್ಷ ನನಗೂ ಒಬ್ಬನನ್ನು ಅವರೇ ನೋಡಿದರು. ಮರಳುಗಡಿಯಾರ ತಿರುಗುವಷ್ಟು ಹೊತ್ತೂ ಅವನು ಅವರ ಗೋಡೆಯ ಕ್ಯಾಲೆಂಡರನ್ನು ಹಬ್ಬಹಬ್ಬವಾಗಿ ಓದಿದನಂತೆ. ಈಗಲೂ ಹಾಗೇ ಇದ್ದಾನೆ, ಏನೂ ಆತುರವಿಲ್ಲ. ಅದರ ಕಷ್ಟ ನನಗೇ ಗೊತ್ತು.

ಈಗ ವಿಶಾಲಾಕ್ಷಮ್ಮನವರಿಲ್ಲ. ಆ ವರಾಂಡಕ್ಕೆ ಗಾಜು ಬಂದು, ಯಾರದೋ ಬೊಟಿಕ್ ಆಗಿದೆ. ಮದುವೆಯಾಗಿ ಸೇರಿದ ಬಿಳೇಕಹಳ್ಳಿಯಿಂದ ನಾನು ಕೊನೆಯ ಸಲ ಅವರನ್ನು ನೋಡಲು ಹೋದಾಗ ಒಂದು ಕುಟುಂಬ ಎದುರಿಗೆ ಕೂತಿತ್ತು: ಹುಡುಗ, ತಾಯಿ, ವಯಸ್ಸಾದ ಅಜ್ಜಿ. ಇವರು ಜರಿಯಂಚಿನ ಹೊದಿಕೆ ಮಡಿಸಿಟ್ಟು, ಗುಂಡಿ ಒತ್ತಿ, "ಸ್ವಲ್ಪ ನಿಧಾನ. ಹಳೇದಲ್ವೇ" ಎಂದರು. ಕಾಫಿ ಬಂತು. ಅಜ್ಜಿಗೆ ಹಲ್ಲಿರಲಿಲ್ಲ, ಹುಡುಗ ಮಾತಾಡುತ್ತಲೇ ಚಕ್ಕುಲಿಯನ್ನು ಸಣ್ಣಗೆ ಮುರಿದು ಕಾಫಿಯಲ್ಲಿ ನೆನೆಸಿ ಕೊಡುತ್ತಿದ್ದ. ನಾನು ಹಳೇ ಅಭ್ಯಾಸದಂತೆ ವೈರು ಸರಿಯಿದೆಯೇ ನೋಡಲು ಮೇಜಿನ ಹಿಂದೆ ಬಗ್ಗಿದೆ. ವೈರನ್ನು ಅಂದವಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಪರದೆ ಕಪ್ಪಗಿತ್ತು. ತಲೆಯೆತ್ತಿದರೆ, ಕನ್ನಡಕದ ಮೇಲಿನಿಂದ ಆಂಟಿ ನನ್ನನ್ನು ಗದರುವ ಹಾಗೆ ನೋಡುತ್ತಿದ್ದರು.

ಅವರೆಲ್ಲ ಹೋದ ಮೇಲೆ ಕೇಳಿದೆ. "ಇದು ಯಾವಾಗ ಕೆಟ್ಟಿತು ಆಂಟಿ?"

"ಯುಗಾದಿಗೆ ಮುಂಚೇನೇ. ಜಾತಕ ಈಗ ಪಂಚಾಂಗ ಇಟ್ಕೊಂಡು ರಾತ್ರಿ ಕೈಯಲ್ಲೇ ಹಾಕ್ತೀನಿ."

"ಒಂದು ಮಾತು ಹೇಳಿದ್ರೆ ಬಂದು ರಿಪೇರಿ ಮಾಡ್ತಿರ್ಲಿಲ್ವಾ?"

ವಿಶಾಲಾಕ್ಷಮ್ಮನವರು ಹೊದಿಕೆಯನ್ನು ಮಾನಿಟರಿನ ತಲೆಯ ಮೇಲೆ ಎಳೆದು, ಅಂಚು ನೇರ ಮಾಡಿ, ಫೋನಿನ ಕಡೆ ನಡೆದರು.

"ರಿಪೇರಿ ಯಾಕೆ? ಆ ಹುಡುಗ ಚಕ್ಕುಲಿ ಮುರಿದುಕೊಟ್ಟಿದ್ದು ನಿಂಗೂ ಕಾಣಿಸ್ತಲ್ಲ. ಚೆನ್ನಾಗೇ ಕೆಲಸ ಮಾಡ್ತಿದೆ."