ಹೊಂಗೆಮರದಲ್ಲಿ ಏನೇನಿತ್ತು

ಮೊದಲು ಕಂಡದ್ದು ನೀರು. ಎಡಗಣ್ಣಿನಿಂದ ಮಾತ್ರ. ಅತ್ತರೆ ಎರಡೂ ಕಣ್ಣಲ್ಲಿ ಬರುತ್ತದೆ. ಇದು ಅಳುವಿನ ನೀರಾಗಿರಲಿಲ್ಲ.

ನನ್ನ ಮಗಳು ಭಾಗ್ಯಳಿಗೆ ಆರು ವರ್ಷ. ಹೆಂಡತಿ ಸಾವಿತ್ರಿ ಎರಡನೆಯ ಹೆರಿಗೆಗೆಂದು ತವರೂರು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದಳು. ಮಳವಳ್ಳಿಯ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಬೇಸಿಗೆ ರಜ ಬಂದಕೂಡಲೇ ಭಾಗ್ಯಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಷ್ಟರಲ್ಲಿ ಪಾಪು ಹುಟ್ಟಿತ್ತು. ಊರಿನ ಹುಣಸೆಮರಗಳ ತುಂಬ ಕೊಕ್ಕರೆ, ಮರಿ, ಗಲಾಟೆ. ಊರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಯಾರೂ ಕಲ್ಲೆಸೆಯುವುದಿಲ್ಲ. ಎಷ್ಟೋ ವರ್ಷದಿಂದ ಆ ಊರಿನ ಅಳಿಯನಾಗಿದ್ದ ನಾನು ಆ ಹಕ್ಕಿಗಳಿಂದ ಕಲಿತದ್ದು ಒಂದೇ: ಬಿಳಿ ಪಂಚೆ ಉಟ್ಟು ಮರದ ಕೆಳಗೆ ನಿಲ್ಲಬಾರದು.

ಅಂದು ಬೆಳಿಗ್ಗೆ ಭಾಮೈದನ ಕಬ್ಬಿನ ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದೆವು. ಗರಿಗಳ ನಡುವೆ ಬೆರಳುದ್ದದ ಹಕ್ಕಿಯೊಂದು ನುಸುಳಿತು. ಅದರ ಗೂಡು ನೋಡಬೇಕೆಂದು ಭಾಗ್ಯ ಹಿಂದೆಯೇ ನುಗ್ಗಿದಳು. ಕಬ್ಬಿನ ಗರಿಯ ಅಂಚು ಗರಗಸದಂತಿರುತ್ತದೆ. ಅವಳ ಎಡಗಣ್ಣಿಗೆ ಉಜ್ಜಿತು. ಅಷ್ಟೇ. ರಕ್ತವಿಲ್ಲ, ಹೊರಗೆ ಗಾಯವಿಲ್ಲ.

“ಏನೂ ಆಗಾಕಿಲ್ಲ ಬುಡಿ ಅಳಿಯಂದ್ರೆ,” ಎಂದರು ನನ್ನ ಅತ್ತೆ. “ಬಾಣಂತಿ ಮನೇಲೇ ಅವ್ಳೆ. ಎರಡು ತೊಟ್ಟು ಎದೆಹಾಲು ಬುಟ್ರೆ ಕಣ್ಣು ತಣ್ಣಗಾಯ್ತದೆ.”

ನಮ್ಮ ಕಡೆ ಕಣ್ಣಿಗೆ ಏನು ಬಿದ್ದರೂ ಮಾಡುವುದು ಅದನ್ನೇ. ನಾನು ಹುಟ್ಟಿ ಬೆಳೆದ ಚಿಕ್ಕರಸಿನಕೆರೆಯಲ್ಲಿ ನನ್ನ ಕಣ್ಣಿಗೂ ಪಕ್ಕದ ಮನೆಯ ಬಾಣಂತಿ ಹಾಲು ಬಿಟ್ಟದ್ದುಂಟು. ಸಾವಿತ್ರಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಳಿಗ್ಗೆ, ಸಂಜೆ ಹಾಲು ಬಿಟ್ಟಳು.

“ಪಾಪಂದೆಲ್ಲ ನಂಗೇ ಹಾಕ್ಬುಟ್ರೆ ಅದು ಅಳಲ್ವೇನವ್ವ?” ಎಂದು ಭಾಗ್ಯ ನಕ್ಕಳು.

ನಗು ನಿಂತು, ನೋವು ಹೆಚ್ಚಾಗಿ, ಬೆಳಕು ಕಂಡರೆ ಚೀರುವಂತಾದಾಗ ಅವಳನ್ನು ಬಾಗಿಲ ಬಳಿ ತಂದು ರೆಪ್ಪೆ ಬಿಡಿಸಿ ನೋಡಿದೆ.

ಕರಿಗುಡ್ಡೆಯ ಮೇಲೆ ರಾಗಿಕಾಳಿನಷ್ಟು ಬಿಳಿ ಚುಕ್ಕೆ.

ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಅವಳ ಮುಖಕ್ಕೆ ಟವಲು ಮುಚ್ಚಿ ಎದೆಗೆ ಒತ್ತಿಕೊಂಡು ಕೂತಿದ್ದೆ. ಆ ಬಸ್ಸು ಈಗಲೂ ನನ್ನ ತಲೆಯೊಳಗೆ ಓಡುತ್ತಲೇ ಇದೆ. ಪ್ರತಿ ಊರಿನಲ್ಲೂ ನಿಲ್ಲುತ್ತದೆ, ಯಾರೋ ಸಾವಕಾಶವಾಗಿ ಕುಕ್ಕೆ ಇಳಿಸುತ್ತಾರೆ, ನಾನು ಹಲ್ಲು ಕಚ್ಚುತ್ತೇನೆ.

“ಕಬ್ಬಿನ ಗರಿ ತಾನೆ?” ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡುತ್ತಲೇ ಕೇಳಿದರು. “ಏನು ಹಾಕಿದ್ರಿ?”

“ಎದೆಹಾಲು.”

ಅವರು ಬೈಯಲಿಲ್ಲ. ಟಾರ್ಚು ಆರಿಸಿದರು. “ಕಾರ್ನಿಯಲ್ ಅಲ್ಸರ್, ಕರಿಗುಡ್ಡೆ ಮೇಲೆ ಹುಣ್ಣಾಗಿದೆ. ಹುಣ್ಣು ಮೇಲೇ ನಿಂತ್ರೆ ಕಣ್ಣು ಉಳಿಯುತ್ತೆ. ಒಳಕ್ಕಿಳಿದು ತೂತಾದ್ರೆ ಕಷ್ಟ.”

ತೂತು.

ಅಡ್ಮಿಟ್ ಮಾಡಿಕೊಂಡರು. ಒಂದು ಕಣ್ಣು ಆಡಿದರೆ ಇನ್ನೊಂದೂ ಆಡುತ್ತದೆಂದು ಎರಡಕ್ಕೂ ಬ್ಯಾಂಡೇಜು ಕಟ್ಟಿದರು. ಓಡಬಾರದು, ಬಗ್ಗಬಾರದು. ಮುಖ್ಯವಾಗಿ ಅಳಬಾರದು, ಬಿಕ್ಕಿದರೆ ಕಣ್ಣಿನ ಮೇಲೆ ಒತ್ತಡ ಬೀಳುತ್ತದಂತೆ. “ಅಳಿಸ್ಬೇಡಿ,” ಎಂದರು ಡಾಕ್ಟರು. ಆರು ವರ್ಷದ ಮಗು. ಕಣ್ಣು ಕತ್ತಲೆ. ಪಕ್ಕದಲ್ಲಿ ತಾಯಿಯಿಲ್ಲ. ಹಸಿ ಬಾಣಂತಿ ಸಾವಿತ್ರಿ ಬರುವಂತಿರಲಿಲ್ಲ. ಅತ್ತೆ ಅವಳನ್ನು ಬಿಟ್ಟು ಬರುವಂತಿರಲಿಲ್ಲ. ಉಳಿದವನು ನಾನೊಬ್ಬ. ಮಗಳ ತಲೆಯನ್ನೂ ಬಾಚಿ ಗೊತ್ತಿಲ್ಲದವನು.

“ಏನ್ ಮೇಷ್ಟ್ರೇ, ಎಣ್ಮಗಿನ ತಲೆ ಇಂಗಾ ಬಾಚಾದು? ಕೋಳಿ ಕೆರ್ದಂಗದೆ!” ಪಕ್ಕದ ಮಂಚದಲ್ಲಿ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದ ದುದ್ದ ಎಂಬ ಊರಿನ ನಿಂಗಮ್ಮ ಬಾಚಣಿಗೆ ಕಿತ್ತುಕೊಂಡರು. “ತತ್ತಾ ಇಲ್ಲಿ. ನೀವು ಕಿಟ್ಕಿ ತಾವ್ ಕೂತ್ಕಂಡು ಮಗೀಗೆ ಏನಾರ ಯೋಳಿ.”

ಕಿಟಕಿಯ ಆಚೆ ಒಂದು ಮರವಿತ್ತು.

“ಏನ್ ಕಾಣ್ತೈತಪ್ಪ?”

“ಹೊಂಗೆಮರ.”

“ಅದ್ರಲ್ಲಿ ಏನೈತೆ?”

“ಏನೂ ಇಲ್ಲ.”

ಬ್ಯಾಂಡೇಜಿನ ಕೆಳಗೆ ಅಳು ಬರುವಂತೆ ತುಟಿ ಅಗಲವಾಯಿತು. “ಮರ್ದಲ್ಲಿ ಏನೂ ಇಲ್ದೆ ಇರ್ತದಾ? ಸರ್ಯಾಗ್ ನೋಡಪ್ಪ.”

ಖುಷಿಯಾಗಲೆಂದು ನವಿಲು ಬಂದು ಕೂತಿದೆ ಎಂದೆ.

“ಆಸ್ಪತ್ರೆಗೆ ನವಿಲು ಬತ್ತದಾ? ಸುಳ್ಳು ಬ್ಯಾಡ. ಕಂಡದ್ದೇ ಯೋಳು.”

ಕಂಡದ್ದನ್ನೇ ಹೇಳುವುದು ಅಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ನೋಡುತ್ತ ಕೂತೆ. ಕಿಟಕಿಗೆ ಚಾಚಿದ ಕೊಂಬೆಯಲ್ಲಿ ನಾಲ್ಕೈದು ಎಲೆ ಒಂದಕ್ಕೊಂದು ಹೊಲಿದುಕೊಂಡಿದ್ದವು. ಕೆಂಜಿಗದ ಗೂಡು. ಕೆಂಪಿರುವೆಗಳು ಎಲೆಯಂಚನ್ನು ಕಚ್ಚಿ ಹಿಡಿದು, ಒಂದರ ಸೊಂಟವನ್ನು ಇನ್ನೊಂದು ಹಿಡಿದು ಎಳೆಯುತ್ತಿದ್ದವು. ಹೇಳಿದೆ. “ಅವು ಉಳಿ ವಾಸ್ನೆ ಬತ್ತವೆ,” ಎಂದಳು ಭಾಗ್ಯ. ಥಟ್ಟನೆ ಆ ಹುಳಿ ವಾಸನೆ ನನ್ನ ಮೂಗಿಗೂ ಬಂತು. ಚಿಕ್ಕರಸಿನಕೆರೆಯ ಮಾವಿನಮರ, ಚಡ್ಡಿಯೊಳಗೆ ನುಗ್ಗಿದ ಕೆಂಜಿಗ, ಕುಣಿದಾಡಿದ ನಾನು. ಇದೆಲ್ಲ ನನಗೂ ಗೊತ್ತಿತ್ತು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಎಂದು ಓಡುತ್ತ ಯಾವ ಊರಿನಲ್ಲಿ ಬಿಟ್ಟು ಬಂದಿದ್ದೆನೋ.

ಮರುದಿನದಿಂದ ಅದೇ ನಮ್ಮ ಕೆಲಸ. ಒಣಗಿದ ಹೊಂಗೆಹೂವು ಗಾಳಿಗೆ ಪುರಿಯಂತೆ ಸುರಿಯುವುದು. ಬೆಳಿಗ್ಗೆ ಮಾತ್ರ ಹೊಳೆದು ಹತ್ತು ಗಂಟೆಗೆ ಮಾಯವಾಗುವ ಜೇಡನ ಬಲೆ. ಮಧ್ಯೆ ಮಧ್ಯೆ ನರ್ಸು ಬಂದು ಡ್ರಾಪ್ಸ್ ಹಾಕುವಾಗ ಭಾಗ್ಯಳ ಉಗುರು ನನ್ನ ಅಂಗೈಗೆ ಇಳಿಯುತ್ತಿತ್ತು.

ಆಮೇಲೆ ಆ ದಿನ ಬಂತು. ಡಾಕ್ಟರು ಬ್ಯಾಂಡೇಜು ಬಿಚ್ಚಿ ಬಹಳ ಹೊತ್ತು ನೋಡಿದರು. “ಸ್ವಲ್ಪ ಒಳಕ್ಕೆ ಹೋಗಿದೆ. ನಾಳೆ ನೋಡೋಣ.” ಮತ್ತೆ ಕಟ್ಟಿದರು.

ಅವರ ದನಿಯಿಂದಲೇ ಮಗುವಿಗೆ ತಿಳಿಯಿತು. ಗದ್ದ ನಡುಗತೊಡಗಿತು. “ಅವ್ವ ಬೇಕು.”

ಅಳಬಾರದು. ಇವತ್ತಂತೂ ಅಳಬಾರದು. ಕಿಟಕಿಯ ಸರಳು ಹಿಡಿದು ಆ ಮರವನ್ನು ತಡಕಿದೆ, ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುವವನಂತೆ.

“ಭಾಗ್ಯ, ಅಳಿಲು. ಬಾಯಲ್ಲಿ ಹತ್ತಿ ಐತೆ. ನಮ್ಮ ವಾರ್ಡಿನ ಹತ್ತಿ! ಬುಟ್ಟಿಯಿಂದ ಕದ್ದೈತೆ. ಕೈಯಲ್ಲಿ ಉಂಡೆ ಮಾಡಿ ಬಾಯಿಗೆ ತುರುಕ್ಕೊಳ್ತೈತೆ. ಗಡ್ಡ ಬಂದಂಗೆ ಕಾಣ್ತೈತೆ.”

ಗದ್ದದ ನಡುಕ ನಿಂತಿತು. “ಎಲ್ಲಿಗೆ ತಕ್ಕಂಡ್ ಓಯ್ತು?”

“ಮೇಲೆ, ಕವಲಿಗೆ.”

“ಆಸ್ಗೆ ಮಾಡ್ತೈತೆ ಕಣಪ್ಪ. ಅದೂ ಬಾಣಂತಿ ಆಯ್ತದೆ. ಸುಮ್ಕಿರು, ಎದ್ರುಸ್ಬ್ಯಾಡ.” ಅವಳೇ ದನಿ ತಗ್ಗಿಸಿದಳು.

ನಿಂಗಮ್ಮ ತಮ್ಮಲ್ಲಿದ್ದ ಹತ್ತಿಯ ಚೂರನ್ನು ಕಿಟಕಿಯಲ್ಲಿಟ್ಟರು. ಅಳಿಲು ಬಂತು. ಸಂಜೆಯವರೆಗೂ ಬಂತು, ಹೋಯಿತು. ಭಾಗ್ಯ ಅಳಲಿಲ್ಲ. ಮರೆಗೆ ಹೋಗಿ ಅತ್ತವನು ನಾನು.

ಮರುದಿನ ಹುಣ್ಣು ನಿಂತಲ್ಲೇ ನಿಂತಿತ್ತು. ಆಮೇಲೆ ನಿಧಾನವಾಗಿ ಮಾಯತೊಡಗಿತು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಕಣ್ಣು ಉಳಿದಿದೆ. ಕಲೆ ಉಳಿಯುತ್ತದೆ. ಆ ಕಣ್ಣಿಗೆ ಎಲ್ಲವೂ ಮಂಜು ಕವಿದಂತೆ ಕಾಣುತ್ತದೆ, ಬಹುಶಃ ಯಾವಾಗಲೂ. ಅಷ್ಟಕ್ಕೇ ಕೈಮುಗಿದೆ. ಅಷ್ಟು ಸಾಕೇ ಎಂದು ಕೆಲವು ಸಲ ಮನಸ್ಸು ಕೇಳುತ್ತದೆ. ಆಗ ಆ ಬಸ್ಸು ಮತ್ತೆ ಓಡುತ್ತದೆ, ಸಾಕು ಎನಿಸುತ್ತದೆ.

ಬೆಳ್ಳೂರಿಗೆ ಬಂದಾಗ ಕೊಕ್ಕರೆಗಳಲ್ಲಿ ಅರ್ಧ ಹೊರಟುಹೋಗಿದ್ದವು. ಅತ್ತೆ ಬಾಗಿಲಲ್ಲೇ ಮೊಮ್ಮಗಳನ್ನು ತಬ್ಬಿಕೊಂಡರು. ಭಾಗ್ಯ ಬಿಡಿಸಿಕೊಂಡು ನನ್ನನ್ನು ಹುಣಸೆಮರದ ಕೆಳಕ್ಕೆ ಎಳೆದಳು. ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಎಡಗಣ್ಣಲ್ಲಿ ಮೇಲೆ ನೋಡಿದಳು.

“ಏನ್ ಕಾಣ್ತೈತೆ?” ಎಂದೆ.

“ಬಿಳೀದೊಂದು ಅಲ್ಲಾಡ್ತೈತೆ. ಮಿಕ್ಕಿದ್ದು ನೀ ಯೋಳು.”

ನೋಡಿದೆ. ಕೊಕ್ಕು ಹಳದಿ, ತುದಿಯಲ್ಲಿ ಕೊಂಚ ಬಾಗಿದೆ ಎಂದೆ. ಹಕ್ಕಿ ಮರಿಯ ಮೇಲೆ ರೆಕ್ಕೆ ಹರಡಿ ನೆರಳು ಹಿಡಿದು ನಿಂತಿದೆ ಎಂದೆ. ಬೆನ್ನ ಹಿಂದಿನ ಗರಿಗಳು ಗುಲಾಬಿ ಬಣ್ಣ, ಕುಂಕುಮದ ಕೈಯನ್ನು ಹಾಲಲ್ಲಿ ಅದ್ದಿದ ಹಾಗೆ. ಇಷ್ಟು ವರ್ಷ ಈ ಮರದ ಕೆಳಗೆ ಓಡಾಡಿದ ನಾನು ಆ ಬಣ್ಣವನ್ನು ಕಂಡದ್ದು ಅದೇ ಮೊದಲು.

“ಆಮೇಲೆ?” ಎಂದಳು ಭಾಗ್ಯ, ಕೈ ತೆಗೆಯದೆ.

ನಾನು ಬಿಳಿ ಪಂಚೆ ಉಟ್ಟಿದ್ದೆ. ಅಲ್ಲೇ ನಿಂತು ಹೇಳುತ್ತಾ ಹೋದೆ.