ಹಸನ್‌ಸಾಬರ ಸೀಮೆಸುಣ್ಣ

೧೯೮೩ರ ಜನವರಿ, ಒಂದು ಸೋಮವಾರ, ಬೆಳಿಗ್ಗೆ ಏಳೂವರೆ. ಇಳಕಲ್ಲಿನ ಗ್ಯಾರೇಜಿನಲ್ಲಿ ಮೂವರಿದ್ದೆವು: ನಾನು, ಅಲ್ಲಿನ ದವಾಖಾನೆಯ ವ್ಯಾನಿನ ಚಾಲಕ ಬೀರಪ್ಪ, ಮಿಸ್ತ್ರಿ ಹಸನ್‌ಸಾಬರು. ಹಸನ್‌ಸಾಬರ ಅಂಗಿಯೆಲ್ಲ ಗ್ರೀಸು. ಎಡಜೇಬು ಮಾತ್ರ ಶಾಲಾ ಮಾಸ್ತರರದಂತೆ ಬಿಳಿ. ಅದರಲ್ಲಿ ಸದಾ ಸೀಮೆಸುಣ್ಣದ ತುಂಡಿರುತ್ತಿತ್ತು.

ಯಾವ ತಗಡನ್ನು ಮಣಿಸಿದರೂ ಅವರು ಬಾಗಿನ ಮೇಲೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸವರಿ, ಒರೆಸಿ, ಸುಣ್ಣ ತಿಕ್ಕಿ, ಒಂದು ಕಪ್ ಚಹಾ ಕುಡಿದು ಮುಗಿಯುವವರೆಗೆ ಕಾಯುತ್ತಿದ್ದರು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತಿತ್ತು.

ನಾನು ಬಾಗಲಕೋಟೆಯಲ್ಲಿ ಲೋಹ ಪರೀಕ್ಷೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ವ್ಯಾನಿನ ಅಡಿ ಭಾರ ಹೊರುವ ಸ್ಪ್ರಿಂಗಿನ ಕಮಾನುಪಟ್ಟಿ ಹಿಡಿಯುವ ಎರಡು ಬ್ರಾಕೆಟ್ಟುಗಳನ್ನು ಹೊಸ ಬಗೆಯ ಗಟ್ಟಿ ಉಕ್ಕಿನಲ್ಲಿ ನಾನೇ ಮಾಡಿಸಿ ತಂದಿದ್ದೆ. ತಗಡು ತೆಳು, ತಾಕತ್ತು ಹೆಚ್ಚು. ಯಂತ್ರದಲ್ಲಿ ಜಗ್ಗಿಸಿ, ಯೋಗ್ಯವೆಂದು ವರದಿಗೆ ಸಹಿಯನ್ನೂ ಹಾಕಿದ್ದೆ. ಹತ್ತಕ್ಕೆ ಬೀರಪ್ಪ ರೋಗಿಗಳನ್ನು ಬಾಗಲಕೋಟೆಗೆ ಒಯ್ಯಬೇಕಿತ್ತು. ಕೂಡಿಸಿಬಿಡಿ ಎಂದೆ. ಹಸನ್‌ಸಾಬರು ಜೇಬಿಗೆ ಕೈ ಹಾಕಿದರು.

ಬೀರಪ್ಪ ಅವರ ಓರಗೆಯವನು. "ಸಾಬ, ಹೆಣ್ಣು ನೋಡಾಕ ಬಂದಂಗ ಎಷ್ಟೊತ್ತು ನೋಡ್ತಿಲೇ?"

"ಹೊಂಡದಾಗ ಬೀಳಾಂವ ನೀ, ನಾ ಅಲ್ಲ. ಕುಂಡ್ರು."

ಚಹಾ ಮುಗಿಯಿತು. ಎರಡೂ ಬಾಗಿನ ಮೇಲೆ ಕೂದಲೆಳೆಯಂಥ ಗೆರೆ.

ಅವರು ಹಂಗಿಸಲಿಲ್ಲ. "ನಿಮ್ಮ ಮಶೀನು ಜಗ್ಗಿ ನೋಡೈತ್ರಿ ಸರ, ಮಣಿಸಿ ನೋಡಿಲ್ಲ. ಕಟಗಿಗೆ ಇದ್ದಂಗ ತಗಡಿಗೂ ಎಳಿ ಇರ್ತೈತಿ. ಎಳಿಗುಂಟ ಮಡಚಿದ್ರ ಬಿರುಕು ಬಿಡ್ತೈತಿ. ಅಡ್ಡ ಮಡಚೂಣ್ರಿ."

ತಗಡು ಪೋಲಾಗದಿರಲೆಂದು ಎಳೆಯ ಗುಂಟ ಗುರುತು ಹಾಕಿಕೊಟ್ಟವನು ನಾನೇ. ಉಳಿದ ತಗಡು ನನ್ನ ಚೀಲದಲ್ಲಿತ್ತು. ಅವರು ಅದನ್ನು ಬೇರೆ ದಿಕ್ಕಿಗೆ ಕತ್ತರಿಸಿ, ಮೂಲೆ ಚೂಪಾಗದಂತೆ ದುಂಡಗೆ ಮಣಿಸಿದರು. ಮತ್ತೆ ಎಣ್ಣೆ, ಸುಣ್ಣ, ಚಹಾ. ಈ ಸಲ ಬೀರಪ್ಪನೂ ಬಗ್ಗಿ ನೋಡಿದ. ಸುಣ್ಣ ಬೆಳ್ಳಗೇ ಉಳಿಯಿತು.

ಹಸನ್‌ಸಾಬರೊಂದಿಗೆ ಅದೇ ಕೊನೆಯ ಭೇಟಿ. ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಬೀರಪ್ಪನೇ ತಂದ. ಅಷ್ಟರಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ತಗಡನ್ನೂ ಎರಡೂ ದಿಕ್ಕಿಗೆ ಮಣಿಸಿ ನೋಡುವ ನಿಯಮ ಬಂದಿತ್ತು.

ಆ ಸೋಮವಾರ ಬ್ರಾಕೆಟ್ಟು ಕೂಡಿಸಿ ವ್ಯಾನು ಹೊರಟಾಗ ಹನ್ನೊಂದೂವರೆ. ನಾನೂ ಅದರಲ್ಲೇ ಕುಳಿತೆ. ಹೊರಡುವಾಗ ಹಸನ್‌ಸಾಬರು ಸುಣ್ಣದ ತುಂಡನ್ನು ನನ್ನ ಕೈಗಿಟ್ಟಿದ್ದರು. ಬಾಗಲಕೋಟೆಯಲ್ಲಿ ರೋಗಿಗಳು ಇಳಿದ ಮೇಲೆ ವ್ಯಾನಿನ ಅಡಿ ಮಲಗಿ, ಬ್ರಾಕೆಟ್ಟಿನ ಬಾಗಿಗೆ ಎಣ್ಣೆ ಸವರಿ, ಒರೆಸಿ, ತಿಕ್ಕಿ, ಕಾದೆ. ಗೆರೆ ಇಲ್ಲ. ಪ್ರಯೋಗಾಲಯಕ್ಕೆ ಹೋಗಿ ಹಳೆಯ ವರದಿಗೆ ಅಡ್ಡಗೆರೆ ಎಳೆದು, ಎಳೆಗೆ ಅಡ್ಡ ಮಡಚಿದರೆ ಮಾತ್ರ ಯೋಗ್ಯವೆಂದು ಹೊಸದನ್ನು ಬರೆದು ಸಹಿ ಹಾಕಿದೆ.