ಕಪಾಟಿನ ರೇಡಿಯೊಗಳನ್ನು ನೋಡಲು ಹೋದದ್ದು

ಧಾರವಾಡದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಕಾರ್ತಿಕದ ಚಳಿ ಇತ್ತು. ಶಿಗ್ಗಾಂವಿ ಬರುವಷ್ಟರಲ್ಲಿ ನನಗೂ ಸಾಹೇಬರಿಗೂ ವಾದ ಕಾವೇರಿತ್ತು. ಸಾಹೇಬರೆಂದರೆ ಶಾಲಾ ತನಿಖೆಯ ಅಧಿಕಾರಿಗಳಾದ ರಾಯರು. ನಾನು ಅವರ ಕಚೇರಿಗೆ ಆಗಷ್ಟೇ ಸೇರಿದ ಸಹಾಯಕ. ಎಂಬತ್ತರ ದಶಕ ಶುರುವಾಗಿತ್ತು. ಹಿಂದೆ ಶಾಲೆಗಳಿಗೆ ಹಂಚಿದ್ದ ರೇಡಿಯೊಗಳ ಜಾಗಕ್ಕೆ, ಟೇಪನ್ನೂ ಹಾಕಬಹುದಾದ ಟು-ಇನ್-ವನ್ ಬರುವುದಿತ್ತು. ಸದ್ಯಕ್ಕೆ ನಾಲ್ಕು ತಾಲೂಕು ಸೇರಿ ಒಂದೇ ಒಂದು. ಹಳೆಯದನ್ನು ಕೆಡದಂತೆ ಇಟ್ಟುಕೊಂಡ ಶಾಲೆಗೆ ಹೊಸದು ಎಂಬುದು ಸಾಹೇಬರ ನಿಯಮ. ಯಾರಿಗೂ ಬೇಡ ಎಂಬುದು ನನ್ನ ಪಕ್ಷ. ತಿರುಗಿ ಪ್ರಶ್ನೆ ಕೇಳಲಾಗದ ಪೆಟ್ಟಿಗೆಯಿಂದ ಮಕ್ಕಳು ಕಲಿಯುವುದೇನು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನಿಗೆ ಬಸ್ಸಿನ ಸದ್ದು ದೊಡ್ಡದೆನಿಸಲಿಲ್ಲ.

ಶಿಗ್ಗಾಂವಿಯ ಹೆಡ್‌ಮಾಸ್ತರರು ಕಪಾಟು ತೆಗೆದರು. ರೇಡಿಯೊದ ಮೇಲೆ ದಸರೆಯ ಖಂಡೇಪೂಜೆಯ ಕುಂಕುಮ, ಒಣಗಿದ ಚೆಂಡುಹೂವು. ಒಳಗೆ ಸೆಲ್ಲು ಹಾಕಿದ ಗುರುತೇ ಇರಲಿಲ್ಲ. ಸಾಹೇಬರು ತಲೆದೂಗಿದರು. ಇದು ರೇಡಿಯೊ ಅಲ್ಲ, ದೇವರು ಎಂದು ಆಮೇಲೆ ಗಿರ್ಮಿಟ್ ತಿನ್ನುವಾಗ ನಾನು ಚುಚ್ಚಿದೆ.

ಮಧ್ಯಾಹ್ನ ಸವಣೂರು. ಉರ್ದು ಶಾಲೆಯ ಹಿರಿಯ ಮಾಸ್ತರರು ಮೊದಲು ತಿನ್ನಲು ಖಾರಾ ತರಿಸಿದರು, ಆಮೇಲೆ ಎಳೆಯ ವೀಳ್ಯದೆಲೆ ಮಡಿಸಿ ಕೊಟ್ಟರು, ಕಟ್ಟಕಡೆಗೆ ರೇಡಿಯೊ ತೋರಿಸಿದರು. ಅದಕ್ಕೆ ಮನೆಯವರು ಕಸೂತಿ ಹಾಕಿದ ಮುಸುಕು.

"ನಾ ಮುಟ್ಟೂದಿಲ್ರಿ ಸಾಹೇಬ್ರ," ಎಂದರು. "ಕೆಟ್ಟರ ನನ್ನ ಹೆಸರಿಗೆ ಬರೀತೀರಿ. ಸುಮ್ನ ಕುಂತರ ಅದನ್ನ ಯಾರೂ ಕೇಳೂದಿಲ್ಲ."

ಅಷ್ಟು ನೇರವಾದ ಮಾತಿಗೆ ಸಾಹೇಬರೂ ನಕ್ಕುಬಿಟ್ಟರು.

ಬಂಕಾಪುರದ ಮೇಲೆ ಹಾಯ್ದು ಸಂಜೆಗೆ ಹಾನಗಲ್ಲ ಸೇರಿ ಅಲ್ಲೇ ಉಳಿದೆವು. ಬೆಳಿಗ್ಗೆ ನೋಡಿದ ಅಲ್ಲಿಯ ಶಾಲೆಯ ರೇಡಿಯೊ ಮಾತಾಡುತ್ತಿತ್ತು, ಆದರೆ ಶಿಕ್ಷಕರ ಕೋಣೆಯಲ್ಲಿ, ಕ್ರಿಕೆಟ್ಟಿನ ದಿನ ಮಾತ್ರ. ನನ್ನ ಪಕ್ಷ ಗೆದ್ದಂತೆಯೇ ಇತ್ತು.

ಹಿರೇಕೆರೂರಿನ ಬಸ್ಸಿನಲ್ಲಿ ಹೊರಟು, ಆ ತಾಲೂಕಿನ ಚಿಕ್ಕೇರೂರಿನಲ್ಲಿ, ನಮ್ಮ ಕೊನೆಯ ಶಾಲೆಗೆ ಇಳಿದೆವು. ಗದ್ದೆಗಳಲ್ಲಿ ಭತ್ತ ಕೊಯ್ದು ಹರವಿದ್ದರು. ಶಾಲೆಯ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು, ನಮ್ಮನ್ನು ಕಂಡೊಡನೆ, ರೇಡಿಯೊ ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿದೆ ಎಂದರು. ಹಾಗಾದರೆ ಈ ಶಾಲೆಯನ್ನು ಬಿಟ್ಟಂತೆಯೇ ಎಂದರು ಸಾಹೇಬರು. ಅಕ್ಕೋರ ಮುಖ ಸಣ್ಣದಾಯಿತು. ಆದರೂ ಮಂಡಕ್ಕಿ, ಚಹಾ ಕೊಟ್ಟರು.

ಕಪ್ಪು ಕೆಳಗಿಡುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಫಟ್ ಎಂದು ಏಟು ಬಿದ್ದ ಸದ್ದು, ಹಿಂದೆಯೇ ಆಕಾಶವಾಣಿಯ ದನಿ. ಶಾಲಾ ಪಾಠದ ಹೊತ್ತಾಗಿತ್ತು. ಅಕ್ಕೋರು ಹಾಕಿಕೊಟ್ಟ ರೂಢಿ ಬಿಡದೆ ತರಗತಿ ತಾನೇ ಏಟು ಕೊಟ್ಟು ರೇಡಿಯೊ ಹಚ್ಚಿತ್ತು. ಹೋಗಿ ನೋಡಿದರೆ ಹಿಂದಿನ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಕಟ್ಟು, ತಿರುವುವ ಗುಂಡಿಯ ಜಾಗದಲ್ಲಿ ಮರದ ಗೂಟ. ಭತ್ತದ ಸಸಿ ಕಿತ್ತು ನಾಟಿ ಮಾಡುತ್ತಾರೆ ಎಂದಿತು ರೇಡಿಯೊ.

"ಸುಳ್ಳು," ಎಂದಿತು ಇಡೀ ತರಗತಿ. "ನಾವು ನಾಟಿ ಮಾಡೂದಿಲ್ಲ, ಕೂರಿಗಿಲೆ ಬಿತ್ತತೇವಿ."

ಅಕ್ಕೋರು ಸೆರಗು ಹಿಡಿದು ನಿಂತಿದ್ದರು. "ಸುಳ್ಳು ಹೇಳಿದ್ನಿರಿ. ಮುರದದ್ದು ಕಂಡ್ರ ಹೊಸಾದು ಕೊಡೂದಿಲ್ಲಂತ ಅಂಜಿದೆ. ಇದು ಇನ್ನ ಭಾಳ ದಿನ ಬಾಳೂದಿಲ್ರಿ. ನಿಂತ್ರ ಇವರು ಜಗಳಾ ಯಾರ ಕೂಡ ಆಡಬೇಕು?"

ನಿಯಮ ನಿಯಮವೇ ಎಂದು ಸಾಹೇಬರು ಶುರುಮಾಡಿದರು. ನಾನು ಅಡ್ಡಬಾಯಿ ಹಾಕಿದೆ.

"ಉಳದವ್ರು ಕಪಾಟ ಕೆಡದಂಗ ಇಟ್ಟಾರ್ರಿ ಸರ್. ಪಾಠಕ್ಕ ರೇಡಿಯೊ ಹಚ್ಚಿದವ್ರು ಇವರೊಬ್ಬರ. ಇದು ಮುರದದ್ದಲ್ಲ, ಸವದದ್ದು."

"ನಿನ್ನೆ ಯಾರಿಗೂ ಬ್ಯಾಡ ಅಂತಿದ್ದೆಲ್ಲೋ?"

"ನಿನ್ನೆ ಈ ಹುಡುಗೂರು ನನ್ನ ಎದುರು ಪಕ್ಷದಾಗ ಇರಲಿಲ್ರಿ."

ಸಾಹೇಬರು ಮರದ ಗೂಟವನ್ನು ಮೆಲ್ಲಗೆ ತಿರುವಿ ನೋಡಿದರು. ದನಿ ಏರಿತು, ಇಳಿಯಿತು. ಆಮೇಲೆ ಅಕ್ಕೋರ ಕಡೆ ತಿರುಗಿದರು.

"ಹೊಸಾದು ನಿಮಗ ಬರ್ತದ. ಆದ್ರ ಮುಂದಿನ ವರ್ಷ ನಾ ಬಂದು ನೋಡಾವ. ಕೊಟ್ಟಾಗಿನಂಗ ಇನ್ನೂ ಹೊಳಿಯಾಕತ್ತಿತ್ತಂದ್ರ ವಾಪಸ್ ಒಯ್ತೀನಿ."

ಅಕ್ಕೋರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ನಕ್ಕೆ, ಅವರೂ ನಕ್ಕರು.

ಹಿಂದಿರುಗುವ ಬಸ್ಸಿಗಾಗಿ ರಸ್ತೆಗೆ ಬಂದು ನಿಂತೆವು. ಹಿಂದಿನಿಂದ ರೇಡಿಯೊ ಕೇಳುತ್ತಲೇ ಇತ್ತು. ನಡುವೆ ದನಿ ಕಟ್ಟಿತು. ಸಾಹೇಬರು ಶಾಲೆಯತ್ತ ತಿರುಗಿ ಕೈ ಎತ್ತಿ ನನ್ನ ಮಾತು ನಿಲ್ಲಿಸಿದರು. ಫಟ್ ಎಂದು ಒಂದು ಏಟು, ಮತ್ತೆ ದನಿ, ಅದರ ಬೆನ್ನಿಗೇ ಇಡೀ ತರಗತಿಯ "ಸುಳ್ಳು". ಆಗ ಅವರು ಕೈ ಇಳಿಸಿದರು.